ಪ್ರೋತ್ಸಾಹಧನ ತಡವಾದರೆ ಮನೆಗೆಷ್ಟು ಪೆಟ್ಟು? ಹಾಲು ಹಾಕುವವರು ಮಾಡಿಕೊಳ್ಳಬೇಕಾದ ಲೆಕ್ಕ

ಡೇರಿಗೆ ಹಾಲು ಹಾಕುವ ಮನೆಗೆ ಹಣ ಎರಡು ಕಡೆಯಿಂದ ಬರುತ್ತದೆ. ಹಾಲಿನ ದರ ಹಾಲು ಒಕ್ಕೂಟದ್ದು; ಊರಿನ ಹಾಲು ಉತ್ಪಾದಕರ ಸಂಘದ ಬಟವಾಡೆಯಲ್ಲಿ ಕೈಸೇರುತ್ತದೆ. ಪ್ರೋತ್ಸಾಹಧನ ರಾಜ್ಯ ಸರ್ಕಾರದ್ದು. ಪಶುಪಾಲನಾ ಇಲಾಖೆಯ ಮೂಲಕ ನೇರವಾಗಿ ಬ್ಯಾಂಕ್ ಖಾತೆಗೆ ಬೀಳುತ್ತದೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದ ಇದು 2013ರಲ್ಲಿ 4 ರೂಪಾಯಿ, 2016ರಲ್ಲಿ 5 ರೂಪಾಯಿ ಆಯಿತು. ಒಕ್ಕೂಟ ದರ ಇಳಿಸಿದರೂ ‘ಸಬ್ಸಿಡಿ ಕಡಿಮೆ ಮಾಡಿದರು’ ಎಂದು ಸರ್ಕಾರವನ್ನು ಬೈಯುವುದು, ಪ್ರೋತ್ಸಾಹಧನ ಬಾಕಿಯಾದರೆ ಸಂಘದ ಕಾರ್ಯದರ್ಶಿಯ ಮೇಲೆ ರೇಗುವುದು, ಎರಡೂ ಹಳ್ಳಿಗಳಲ್ಲಿ ನಡೆದೇ ಇದೆ. ಯಾವ ಹಣ ಕಡಿಮೆಯಾಯಿತು ಎಂದು ಮೊದಲು ತಿಳಿದರೆ, ಎಲ್ಲಿ ಕೇಳಬೇಕು ಎಂಬುದೂ ತಿಳಿಯುತ್ತದೆ.

ಮೊದಲು ಒಂದು ನೋಟ್‌ಬುಕ್

ತಿಂಗಳಿಗೊಂದು ಪುಟ ಸಾಕು. ಸಂಘಕ್ಕೆ ಹಾಕಿದ ಒಟ್ಟು ಲೀಟರು, ಬಟವಾಡೆಯಲ್ಲಿ ಬಂದ ಹಣ, ಬರಬೇಕಾದ ಪ್ರೋತ್ಸಾಹಧನ, ಅದು ಖಾತೆಗೆ ಬಂದ ತಾರೀಖು: ಈ ನಾಲ್ಕನ್ನು ಬರೆದಿಡಿ. ಮನೆಗೆ ಇಟ್ಟುಕೊಂಡ ಹಾಲು, ಪಕ್ಕದ ಹೋಟೆಲಿಗೆ ಕೊಟ್ಟ ಹಾಲು ಈ ಲೆಕ್ಕಕ್ಕೆ ಬರುವುದಿಲ್ಲ. ಸಂಘದ ಯಂತ್ರದಲ್ಲಿ ನಿಮ್ಮ ಹೆಸರಿಗೆ ದಾಖಲಾದ ಹಾಲಿಗೆ ಮಾತ್ರ ಪ್ರೋತ್ಸಾಹಧನ. ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಇದೆಯೇ ಎಂದು ಚೀಟಿಯಲ್ಲಿ ನೋಡಿಕೊಳ್ಳಿ. ಇವು ಕಡಿಮೆಯಾದರೆ ದರಕ್ಕೂ ಪೆಟ್ಟು.

ಆದಾಯವಲ್ಲ, ಉಳಿಕೆ ನೋಡಿ

ಲೇಖನದ ಮುಖ್ಯ ಭಾಗ ಇದೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಎರಡು ಸೀಮೆಹಸು ಇರುವ ಮನೆ ದಿನಕ್ಕೆ 15 ಲೀಟರ್ ಡೇರಿಗೆ ಹಾಕುತ್ತದೆ, ಲೀಟರಿಗೆ 35 ರೂಪಾಯಿ ಸಿಗುತ್ತದೆ ಎಂದಿಟ್ಟುಕೊಳ್ಳಿ. ಇವು ಲೆಕ್ಕಕ್ಕೆ ಇಟ್ಟುಕೊಂಡ ಅಂಕಿಗಳು. ನಿಮ್ಮವನ್ನು ನೀವು ಹಾಕಿಕೊಳ್ಳಿ. ತಿಂಗಳಿಗೆ ಹಾಲಿನ ಹಣ 15,750 ರೂಪಾಯಿ, ಪ್ರೋತ್ಸಾಹಧನ 2,250 ರೂಪಾಯಿ. ಒಟ್ಟು 18,000ದಲ್ಲಿ ಪ್ರೋತ್ಸಾಹಧನದ ಪಾಲು ಎಂಟರಲ್ಲೊಂದು. ಇಷ್ಟೇ ನೋಡಿದರೆ ‘ಬಂದರೆ ಬರಲಿ, ಬಿಟ್ಟರೆ ಬಿಡಲಿ’ ಅನ್ನಿಸಬಹುದು.

ಈಗ ಖರ್ಚು ಕಳೆಯಿರಿ. ದಿನಕ್ಕೆ ಎರಡೂ ಹಸುವಿಗೆ ಸೇರಿ 10 ಕಿಲೋ ಪಶು ಆಹಾರ, ಅಂದರೆ ತಿಂಗಳಿಗೆ 50 ಕಿಲೋದ ಆರು ಚೀಲ. ಚೀಲಕ್ಕೆ 1,400ರಂತೆ 8,400 ರೂಪಾಯಿ. ಕೊಂಡ ಹುಲ್ಲು, ಔಷಧಿ, ಕರೆಂಟು, ಸಣ್ಣಪುಟ್ಟದ್ದು 3,000. ಹಾಲಿನ ಹಣದಲ್ಲಿ ಉಳಿಯುವುದು 4,350 ರೂಪಾಯಿ. ಪ್ರೋತ್ಸಾಹಧನ ಸೇರಿದರೆ 6,600. ಆದಾಯದಲ್ಲಿ ಎಂಟರಲ್ಲೊಂದಾಗಿದ್ದ ಹಣ ಉಳಿಕೆಯಲ್ಲಿ ಮೂರರಲ್ಲೊಂದು ಪಾಲಾಯಿತು. ಅದು ತಡವಾದ ತಿಂಗಳು ಹಸು ಕಡಿಮೆ ತಿನ್ನುವುದಿಲ್ಲ, ಹಿಂಡಿ ಅಂಗಡಿಯವನು ಕಾಯುವುದಿಲ್ಲ.

ಒಕ್ಕೂಟ ದರವನ್ನು ಒಂದೇ ರೂಪಾಯಿ ಇಳಿಸಿದರೂ ಇದೇ ಮನೆಗೆ ತಿಂಗಳಿಗೆ 450 ರೂಪಾಯಿ ಹೋಗುತ್ತದೆ. ಹಾಲು ಹೆಚ್ಚು ಬರುವ ಕಾಲದಲ್ಲಿ ಒಕ್ಕೂಟಗಳು ಹೀಗೆ ಇಳಿಸುವುದುಂಟು. ಏರುವುದೂ ಉಂಟು: 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ 4 ರೂಪಾಯಿ ಹೆಚ್ಚಿಸಿದಾಗ ಆ ಹಣವನ್ನು ರೈತರಿಗೇ ಕೊಡುವುದಾಗಿ ಸರ್ಕಾರ ಹೇಳಿತ್ತು. ಇಂಥ ಪ್ರಕಟಣೆ ಬಂದಾಗ ಪತ್ರಿಕೆಯ ಸುದ್ದಿ ನೋಡಿ ಸುಮ್ಮನಾಗದೆ, ಹಿಂದಿನ ಮತ್ತು ಮುಂದಿನ ಬಟವಾಡೆ ಚೀಟಿ ಪಕ್ಕಪಕ್ಕ ಇಟ್ಟು ನಿಮ್ಮ ಸಂಘದಲ್ಲಿ ಎಷ್ಟು ಏರಿತು ನೋಡಿ.

ಮೇಲಿನ ಲೆಕ್ಕದಲ್ಲಿ ಮನೆಯವರ ದುಡಿಮೆಗೆ ಬೆಲೆ ಹಾಕಿಲ್ಲ. ಮುಂಜಾನೆ ಹಾಲು ಕರೆದು, ಸಗಣಿ ಬಾಚಿ, ಹುಲ್ಲು ತರುವವರ ಕೂಲಿಯನ್ನೂ ಸೇರಿಸಿದರೆ ಉಳಿಕೆ ಎನ್ನುವುದೇ ಉಳಿಯುವುದಿಲ್ಲ. ಆ ದುಡಿಮೆ ಹೆಚ್ಚಾಗಿ ಹೆಂಗಸರದು. ಸಂಘದ ಪಾಸ್‌ಬುಕ್ ಮಾತ್ರ ಹಲವು ಮನೆಗಳಲ್ಲಿ ಗಂಡಸರ ಹೆಸರಲ್ಲಿ. ಪ್ರೋತ್ಸಾಹಧನ ಹೋಗುವುದು ಹಾಲು ಯಾರ ಹೆಸರಿನಲ್ಲಿ ದಾಖಲಾಗುತ್ತದೋ ಅವರ ಖಾತೆಗೆ. ಹಸು ನೋಡಿಕೊಳ್ಳುವವರ ಹೆಸರಿಗೇ ಸದಸ್ಯತ್ವ ಮಾಡಿಸುವುದು ನ್ಯಾಯ ಎಂಬುದು ನನ್ನ ಅಭಿಪ್ರಾಯ.

ಹಣ ಬಂದಿಲ್ಲವೇ? ಎರಡು ಕಾರಣಗಳನ್ನು ಬೇರೆ ಮಾಡಿ

ಪಕ್ಕದ ಮನೆಯವರಿಗೂ ಬಂದಿಲ್ಲ ಎಂದರೆ ಸರ್ಕಾರದಿಂದಲೇ ಬಿಡುಗಡೆಯಾಗಿಲ್ಲ. ತಿಂಗಳುಗಟ್ಟಲೆ ಬಾಕಿ ಉಳಿಯುವುದು ಈ ಯೋಜನೆಯ ಹಳೇ ಕಾಯಿಲೆ. ಊರಿಗೆಲ್ಲ ಬಂದು ನಿಮಗೊಬ್ಬರಿಗೆ ಬಂದಿಲ್ಲವಾದರೆ ತೊಂದರೆ ಹೆಚ್ಚಾಗಿ ಆಧಾರ್ ಜೋಡಣೆಯದು.

ಬಹಳ ಜನ ಎಡವುವುದು ಇಲ್ಲೇ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಜೋಡಣೆ ಆಗಿರುವುದಿಲ್ಲ. ಆಧಾರ್ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಪಟ್ಟಿಯಲ್ಲಿ ಆ ಖಾತೆ ಇರಬೇಕು. ಆಧಾರ್ ಮೂಲಕ ಬರುವ ಸರ್ಕಾರಿ ಹಣ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಮಗಳ ಮದುವೆಗೆಂದೋ ಚಿನ್ನದ ಸಾಲಕ್ಕೆಂದೋ ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದಿದ್ದರೆ ಪ್ರೋತ್ಸಾಹಧನ ಅಲ್ಲಿ ಹೋಗಿ ಕೂತಿರಬಹುದು. ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ಆಧಾರ್ ಸಂಖ್ಯೆ ಮತ್ತು ಒಟಿಪಿ ಹಾಕಿದರೆ ಯಾವ ಯೋಜನೆಯ ಹಣ ಯಾವಾಗ ಯಾವ ಬ್ಯಾಂಕಿಗೆ ಬಿತ್ತು ಎಂದು ತೋರಿಸುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಚಾಲ್ತಿಯಲ್ಲಿರಬೇಕು. ಸಂಘದ ದಾಖಲೆಯಲ್ಲಿರುವ ಹೆಸರಿಗೂ ಆಧಾರ್ ಹೆಸರಿಗೂ ವ್ಯತ್ಯಾಸವಿದ್ದರೆ ಅದನ್ನೂ ಸರಿಪಡಿಸಿಕೊಳ್ಳಿ.

ಖಾಸಗಿ ಡೇರಿಯವರು ಹೆಚ್ಚು ಕೊಡುತ್ತೇವೆ ಎಂದರೆ

ಖಾಸಗಿಯವರಿಗೆ ಹಾಕಿದ ಹಾಲಿಗೆ ಪ್ರೋತ್ಸಾಹಧನವಿಲ್ಲ. ಹಾಗಾಗಿ ಅವರ ದರವನ್ನು ಹೋಲಿಸಬೇಕಾದ್ದು ಸಂಘದ ದರದೊಂದಿಗಲ್ಲ, ಅದಕ್ಕೆ 5 ರೂಪಾಯಿ ಸೇರಿಸಿದ ಮೊತ್ತದೊಂದಿಗೆ. ಸಂಘದಲ್ಲಿ 35 ಇದ್ದಾಗ ಖಾಸಗಿಯವರು 38 ಕೊಟ್ಟರೂ ನಿಮಗೆ 2 ರೂಪಾಯಿ ನಷ್ಟ. ಅವರು ಕೈಮೇಲೆ ಹಣ ಕೊಡುತ್ತಾರೆ ಎನ್ನುವುದು ನಿಜವೇ. ಬಾಕಿ ಉದ್ದವಾದಷ್ಟೂ ಆ ಆಸೆ ದೊಡ್ಡದಾಗುತ್ತದೆ, ರೈತರನ್ನು ದೂರುವಂತಿಲ್ಲ. ಆದರೂ ಸಂಘದ ಬೋನಸ್, ಬೇಸಿಗೆಯಲ್ಲಿ ಖಾಸಗಿಯವರು ಕೊಟ್ಟ ದರವನ್ನು ಮಳೆಗಾಲದಲ್ಲೂ ಕೊಡುತ್ತಾರೆಯೇ ಎಂಬುದನ್ನೆಲ್ಲ ಸೇರಿಸಿ ವರ್ಷದ ಲೆಕ್ಕ ಹಾಕಿಯೇ ನಿರ್ಧರಿಸಿ.

ಬಾಕಿ ತಿಂಗಳುಗಳನ್ನು ದಾಟಲು

ಪ್ರೋತ್ಸಾಹಧನವನ್ನು ನಂಬಿ ಹಿಂಡಿ ಸಾಲ ಮಾಡಬೇಡಿ; ದಿನದ ಖರ್ಚು ಹಾಲಿನ ದರದಲ್ಲೇ ಮುಗಿಯುವಂತೆ ನೋಡಿಕೊಳ್ಳಿ. 2023ರ ಚುನಾವಣೆಗೆ ಕಾಂಗ್ರೆಸ್ ತನ್ನ ಪ್ರಣಾಳಿಕೆಯಲ್ಲಿ ಪ್ರೋತ್ಸಾಹಧನವನ್ನು 7 ರೂಪಾಯಿ ಮಾಡುವುದಾಗಿ ಹೇಳಿತ್ತು. ಪ್ರಣಾಳಿಕೆಯ ಹಣವನ್ನು ನೋಟ್‌ಬುಕ್ಕಿಗೆ ಬರೆಯಬೇಡಿ, ಖಾತೆಗೆ ಬಿದ್ದ ಮೇಲೆ ಬರೆಯಿರಿ. ಸಾಲ ಬೇಕೇ ಬೇಕಾದರೆ ಹೈನುಗಾರಿಕೆಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಸಿಗುತ್ತದೆ. 2 ಲಕ್ಷ ರೂಪಾಯಿವರೆಗೆ ವಾಯಿದೆಯೊಳಗೆ ತೀರಿಸಿದರೆ ಬಡ್ಡಿ ಶೇ 4ಕ್ಕೆ ಇಳಿಯುತ್ತದೆ. ಕೈಸಾಲಕ್ಕೆ ಕೊಡುವ ಬಡ್ಡಿಯ ಮುಂದೆ ಅದು ಏನೇನೂ ಅಲ್ಲ. ರಾಸುಗಳ ವಿಮೆಯ ಬಗ್ಗೆಯೂ ಇದೇ ಸಮಯದಲ್ಲಿ ವಿಚಾರಿಸಿ: ರಾಷ್ಟ್ರೀಯ ಜಾನುವಾರು ಮಿಷನ್ ಅಡಿ 2024ರಲ್ಲಿ ರೈತರ ಪಾಲಿನ ಕಂತನ್ನು ಶೇ 15ಕ್ಕೆ ಇಳಿಸಲಾಗಿದೆ.

ದೂರು ಕೊಡಲು ಹೋಗುವಾಗ ಸಂಘದ ಸದಸ್ಯ ಸಂಖ್ಯೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಮತ್ತು ಯಾವ ಯಾವ ತಿಂಗಳಿಗೆ ಎಷ್ಟು ಲೀಟರ್ ಎಂಬ ಪಟ್ಟಿ ಕೈಯಲ್ಲಿರಲಿ. ಮೊದಲು ಕಾರ್ಯದರ್ಶಿಯ ಬಳಿ ಹೋಗಿ, ಅವರು ಇಲಾಖೆಗೆ ಕಳಿಸಿದ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ ನೋಡಿ. ಇದ್ದರೆ ತಾಲ್ಲೂಕು ಪಶು ಆಸ್ಪತ್ರೆಯ ಸಹಾಯಕ ನಿರ್ದೇಶಕರಿಗೆ ಲಿಖಿತ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ.