ಬೇಂಟೆಯಲ್ಲಿ ಹತ್ತಿರ ಮತ್ತು ದೂರ

ಹಳಗನ್ನಡ ಪಠ್ಯ ಓದುವ ವಿದ್ಯಾರ್ಥಿಗಳನ್ನು ಮೊದಲು ಎಡವಿಸುವ ಜೋಡಿಪದಗಳಲ್ಲಿ ಬೇಟ ಮತ್ತು ಬೇಂಟೆ ಸೇರಿವೆ. ಬೇಟವೆಂದರೆ ಪ್ರಣಯ, ಬೇಂಟೆಯೆಂದರೆ ಮೃಗಯೆ. ಇಂದಿನ ‘ಬೇಟೆ’ಯ ನೆನಪಿನಲ್ಲಿ ಬೇಟವನ್ನು ಓದಿದವರು ಪದ್ಯದ ಅರ್ಥವನ್ನೇ ಕೆಡಿಸಿಕೊಳ್ಳುತ್ತಾರೆ. ಮಹಾಕಾವ್ಯದಲ್ಲಿ ಇರಬೇಕೆಂದು ದಂಡಿಯು ಹೇಳಿದ ವರ್ಣನೆಗಳ ಪಟ್ಟಿಯಲ್ಲಿ ಬೇಂಟೆ ಇಲ್ಲ. ಆದರೂ ಪಂಪನಿಂದ ಕುಮಾರವ್ಯಾಸನವರೆಗೆ ನಮ್ಮ ಕವಿಗಳು ಅದನ್ನು ಬಿಟ್ಟುಕೊಟ್ಟಿಲ್ಲ. ಅಂಥ ಭಾಗಗಳನ್ನು ಓದುವಾಗ ಅಲಂಕಾರ, ಛಂದಸ್ಸುಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ಬೇಡನು ಮೃಗಕ್ಕೆ ಎಷ್ಟು ಹತ್ತಿರ ನಿಂತಿದ್ದಾನೆ?

ಈ ಪ್ರಶ್ನೆ ಮುರುಮದ ಸೀಮೆಗೆ ಹೊರಗಿನದಲ್ಲ. ಇಲ್ಲಿಗೆ ಸಮೀಪದ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ, ಸುಮಾರು 1129ರಲ್ಲಿ, ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥ ಸಿದ್ಧವಾಯಿತು. ಐದು ವಿಂಶತಿ, ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ನಾಯಿ, ಗಿಡುಗ, ಮೀನುಗಳ ವಿನೋದಗಳಂತೆ ಮೃಗಯಾವಿನೋದಕ್ಕೂ ಪ್ರತ್ಯೇಕ ಸ್ಥಾನವಿದೆ. ಪಳಗಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡುಜಿಂಕೆಯನ್ನು ಸೆಳೆಯುವ ಉಪಾಯವೂ ಅದರಲ್ಲಿ ಬರುತ್ತದೆ. ಹೀಗೆ ಸೆಳೆಯುವ ಪ್ರಾಣಿಗೆ ಹಳಗನ್ನಡದಲ್ಲಿ ‘ದೀವ’ ಎಂಬ ಹೆಸರು.

ಇಂಥ ಉಪಾಯ ಏಕೆ ಬೇಕಾಯಿತೆಂಬುದು ಬಯಲುಸೀಮೆಯ ಚಿಗರಿಯನ್ನು ಕಂಡವರಿಗೆ ತಿಳಿಯುತ್ತದೆ. ಮರೆಯೇ ಇಲ್ಲದ ಎರೆನೆಲದಲ್ಲಿ ಅದರ ಕಣ್ಣು ತಪ್ಪಿಸುವುದು ಕಷ್ಟ. ಓಟಕ್ಕೆ ನಿಂತರೆ ಹಿಡಿಯುವುದು ಅಸಾಧ್ಯ. ಮರಾಠವಾಡದ ಫಾಸೆ ಪಾರ್ಧಿಗಳು ಇದಕ್ಕೆ ಕಂಡುಕೊಂಡ ದಾರಿ ಎತ್ತು. ಹೊಲದಲ್ಲಿ ಮೇಯುವ ಎತ್ತಿಗೆ ಚಿಗರಿ ಹೆದರುವುದಿಲ್ಲ. ಪಳಗಿಸಿದ ಎತ್ತಿನ ಮಗ್ಗುಲಲ್ಲಿ ಬಾಗಿ, ಅದು ನಡೆದಾಗ ನಡೆದು, ನಿಂತಾಗ ನಿಂತು, ಗಾಳಿಗೆ ಎದುರಾಗಿ ಸರಿಯುತ್ತ ಅವರು ಉರುಲು ಒಡ್ಡುವಷ್ಟು ಸಮೀಪಕ್ಕೆ ಹೋಗುತ್ತಿದ್ದರು. ಗಾಳಿ ಬೆನ್ನಿಗೆ ತಿರುಗಿದರೆ ಮನುಷ್ಯನ ವಾಸನೆ ಮುಂದೆ ಹೋಗಿ ದಿನದ ಶ್ರಮವೆಲ್ಲ ವ್ಯರ್ಥ. ಫಾಸವೆಂದರೆ ಉರುಲು, ಕುಲದ ಹೆಸರೇ ಅದರಿಂದ ಬಂದದ್ದು. ಮೃಗದ ಉಸಿರು ಕೇಳುವಷ್ಟು ಹತ್ತಿರ ಹೋಗಬಲ್ಲ ಈ ವಿದ್ಯೆ ಅರಮನೆಯ ಗ್ರಂಥಕ್ಕಿಂತ ಕಡಿಮೆಯದಲ್ಲ, ಆದರೆ ಅದನ್ನು ಬರೆದಿಡುವವರಿರಲಿಲ್ಲ. 1871ರಲ್ಲಿ ಬ್ರಿಟಿಷರು ತಂದ ಕಾಯಿದೆಯು ಇಂಥ ಹಲವು ಅಲೆಮಾರಿ ಸಮುದಾಯಗಳಿಗೆ ‘ಅಪರಾಧಿ ಬುಡಕಟ್ಟು’ ಎಂಬ ಹಣೆಪಟ್ಟಿ ಕಟ್ಟಿತು. ಅದು ಕಳಚಿದ್ದು 1952ರಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಚಿಗರಿಯ ಬೇಟೆ ಅಪರಾಧ. ಚಿಗರಿ ಉಳಿಯಬೇಕಾದದ್ದು ನಿಜ; ಎತ್ತು ಪಳಗಿಸಿದವರ ಅನ್ನದ ದಾರಿ ಮುಚ್ಚಿದ್ದೂ ಅಷ್ಟೇ ನಿಜ.

ಇನ್ನು ದೂರದ ಹೊಡೆತ. ದಶರಥನು ಶಬ್ದವೇಧಿ. ಸರಯೂ ತೀರದ ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ತಿಳಿದು ಬಾಣ ಬಿಟ್ಟ. ಬಿದ್ದವನು ಕುರುಡ ತಂದೆತಾಯಿಯರ ಮಗ. ಪಾಂಡುವಿನ ಬಾಣಕ್ಕೆ ಸಿಕ್ಕ ಜಿಂಕೆ ಕಿಂದಮ ಋಷಿ. ಜರನೆಂಬ ವ್ಯಾಧ ಜಿಂಕೆಯೆಂದು ಹೊಡೆದದ್ದು ಕೃಷ್ಣನ ಪಾದ. ಈ ಮೂವರಲ್ಲಿ ಯಾರ ಗುರಿಯೂ ತಪ್ಪಲಿಲ್ಲ ಎಂಬುದನ್ನು ಗಮನಿಸಬೇಕು. ತಪ್ಪಿದ್ದು ಗುರುತು. ಕೈ ಮುಟ್ಟುವ ದೂರವು ಕಣ್ಣು ಅರಿಯುವ ದೂರವನ್ನು ಮೀರಿತ್ತು.

ಕೋವಿ ಬಂದ ಮೇಲೆ ಈ ಅಂತರ ಬೆಳೆಯಿತು. ದೂರದರ್ಶಕ ಜೋಡಿಸಿದ ರೈಫಲ್ಲಿನಿಂದ ಮುನ್ನೂರು ಮೀಟರ್ ಆಚೆಗೆ ಹೊಡೆದ ಗುಂಡು ತಲುಪಲು ಸುಮಾರು ಅರ್ಧ ಸೆಕೆಂಡು ಹಿಡಿಯಬಹುದು. ಅಷ್ಟರಲ್ಲಿ ಮೃಗ ಒಂದು ಹೆಜ್ಜೆಯಿಟ್ಟರೆ ಎದೆಗೆ ಬೀಳಬೇಕಾದದ್ದು ಹೊಟ್ಟೆಗೆ ಬೀಳುತ್ತದೆ. ಅಡ್ಡಗಾಳಿಯೂ ಗುಂಡನ್ನು ಸರಿಸುತ್ತದೆ. ಪಳಗಿದ ಗುರಿಕಾರನು ಇವನ್ನೆಲ್ಲ ಲೆಕ್ಕಹಾಕಿ ಒಂದೇ ಹೊಡೆತಕ್ಕೆ ಮುಗಿಸಬಲ್ಲನೆಂಬ ವಾದವೂ ಇದೆ. ಹತ್ತಿರ ನುಸುಳಿದವನು ಏದುಸಿರಿನಲ್ಲಿ ಕೈ ನಡುಗಿ ಕೆಡಿಸುವುದೂ ಉಂಟು. ಆದರೆ ಗಾಯಗೊಂಡು ಓಡಿದ ಪ್ರಾಣಿಯ ರಕ್ತದ ಜಾಡು ಹಿಡಿಯಲು, ಮೊದಲು ಅದು ನಿಂತಿದ್ದ ಜಾಗವನ್ನಾದರೂ ತಲುಪಬೇಕಲ್ಲ? 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತದ ಹೆಣ್ಣುಹುಲಿಯ ಬಲಗಡೆಯ ಕೋರೆಹಲ್ಲುಗಳು ಹಳೆಯ ಗುಂಡೇಟಿನಿಂದ ಮುರಿದಿದ್ದವು. ಸಹಜ ಬೇಟೆಯಾಡಲಾಗದೆ ಅದು ನರಭಕ್ಷಕವಾಯಿತೆಂಬುದು ಅವನ ನಿರ್ಣಯ; ಅವನು ಕೊಡುವ ಲೆಕ್ಕದಲ್ಲಿ ಸತ್ತವರು 436 ಜನ. ಗುಂಡು ಹಾರಿಸಿದವನು ಯಾರೋ, ಬೆಲೆ ತೆತ್ತವರು ಹುಲ್ಲು ಸೌದೆಗೆ ಹೋದ ಹಳ್ಳಿಯ ಹೆಂಗಸರು.

ಅತಿ ಸಮೀಪದ ಬೇಂಟೆಗೆ ಕನ್ನಡದಲ್ಲಿ ಆತಕೂರು ಶಾಸನಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲ, 949-50. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗ ಬೂತುಗನು ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ದೊಡ್ಡದೊಂದು ಹಂದಿಯ ಮೇಲೆ ಬಿತ್ತು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದುತ್ತಿರುವ ಚಿತ್ರವಿದೆ. ಅದನ್ನು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.