ರೂಲ್ ಎಲ್ಲರಿಗೂ ಒಂದೇ, ಬಡ್ತಿ ಮಾತ್ರ ಕೆಲವರಿಗೆ

ಪ್ಲೇಸ್‌ಮೆಂಟ್ ಸೀಸನ್ ಶುರುವಾಯಿತು ಅಂದರೆ ನಮ್ಮ ನೋಟಿಸ್ ಬೋರ್ಡಿನಲ್ಲಿ ಮೊದಲು ಕಾಣುವ ಸಾಲು ಇದು: ಹತ್ತನೇ ತರಗತಿ, ಪಿಯುಸಿ, ಬಿ.ಇ. ಮೂರರಲ್ಲೂ ಶೇ. 60 ಇರಬೇಕು. ಇಲ್ಲದವರು ಪರೀಕ್ಷೆ ಬರೆಯುವ ಹಾಗೇ ಇಲ್ಲ. "ರೂಲ್ ಎಲ್ಲರಿಗೂ ಒಂದೇ ತಾನೇ, ಇದರಲ್ಲಿ ಅನ್ಯಾಯ ಎಲ್ಲಿಂದ ಬಂತು?" ಅಂತ ನಮ್ಮ ಹಾಸ್ಟೆಲ್‌ನಲ್ಲಿ ವಾದ ನಡೆಯದ ವರ್ಷವಿಲ್ಲ.

ಇದೇ ಪ್ರಶ್ನೆಯನ್ನು 1960ರ ದಶಕದಲ್ಲಿ ಅಮೆರಿಕದ ಒಂದು ವಿದ್ಯುತ್ ಸ್ಥಾವರದ 13 ಮಂದಿ ಕಪ್ಪು ಕಾರ್ಮಿಕರು ಕೋರ್ಟಿಗೆ ಒಯ್ದರು. ಅವರಿಗೆ ಕೆಲಸ ಆಗಲೇ ಇತ್ತು. ಸಿಗದೆ ಇದ್ದದ್ದು ಮೇಲಿನ ಕೆಲಸ. "ಜನಾಂಗದ ಕಾರಣಕ್ಕೆ ನನಗೆ ಬಡ್ತಿ ತಪ್ಪಿತು" ಅಂತ ಒಬ್ಬರು ಹೇಳಿದರೆ ಅದನ್ನು ಅಳೆಯುವುದು ಹೇಗೆ? ಇದು ಕಾನೂನಿನ ಪ್ರಶ್ನೆಯಾದರೂ ಒಳಗೆ ಸಾಕಷ್ಟು ಲೆಕ್ಕ ಇದೆ, ಹಾಗಾಗಿ ನಮ್ಮಂಥವರು ಹೆದರಬೇಕಾಗಿಲ್ಲ. ಬನ್ನಿ, ಒಂದೊಂದಾಗಿ ನೋಡೋಣ.

ಡಾನ್ ರಿವರ್ ಸ್ಥಾವರದ ಐದು ವಿಭಾಗಗಳು

ನಾರ್ತ್ ಕೆರೊಲಿನಾ ರಾಜ್ಯದ ಡ್ರೇಪರ್ ಎಂಬ ಊರಿನಲ್ಲಿ ಡ್ಯೂಕ್ ಪವರ್ ಕಂಪನಿಯ ಡಾನ್ ರಿವರ್ ಸ್ಥಾವರ ಇತ್ತು. ಒಟ್ಟು 95 ನೌಕರರು, ಅವರಲ್ಲಿ 14 ಮಂದಿ ಕಪ್ಪು ಜನ. ಸ್ಥಾವರದಲ್ಲಿ ಐದು ವಿಭಾಗ: ಲೇಬರ್, ಕಲ್ಲಿದ್ದಲು ಸಾಗಣೆ, ಆಪರೇಷನ್ಸ್, ಮೇಂಟೆನೆನ್ಸ್, ಲ್ಯಾಬ್. ಕಪ್ಪು ನೌಕರರನ್ನು ಹಾಕುತ್ತಿದ್ದದ್ದು ಲೇಬರ್ ವಿಭಾಗಕ್ಕೆ ಮಾತ್ರ. ಅಲ್ಲಿನ ಅತಿ ಹೆಚ್ಚಿನ ಸಂಬಳ, ಉಳಿದ ನಾಲ್ಕು ವಿಭಾಗಗಳ ಅತಿ ಕಡಿಮೆ ಸಂಬಳಕ್ಕಿಂತಲೂ ಕಡಿಮೆ. ಅಂದರೆ ಲೇಬರ್‌ನಲ್ಲಿ ಎಷ್ಟು ವರ್ಷ ದುಡಿದರೂ ಪಕ್ಕದ ವಿಭಾಗದ ಹೊಸ ಹುಡುಗನ ಸಂಬಳ ಮುಟ್ಟುವ ಹಾಗಿರಲಿಲ್ಲ.

1955ರಲ್ಲಿ ಕಂಪನಿ ಒಂದು ನಿಯಮ ತಂದಿತು. ಲೇಬರ್ ಬಿಟ್ಟು ಬೇರೆ ವಿಭಾಗಕ್ಕೆ ಸೇರಬೇಕಾದರೆ ಹೈಸ್ಕೂಲ್ ಮುಗಿಸಿದ ಸರ್ಟಿಫಿಕೇಟ್ ಬೇಕು. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೇ ಅಧ್ಯಾಯ, ಅಂದರೆ ಟೈಟಲ್ ಸೆವೆನ್, ಉದ್ಯೋಗದಲ್ಲಿ ಜನಾಂಗ ಭೇದವನ್ನು ನಿಷೇಧಿಸಿತು. ಅದು ಜಾರಿಗೆ ಬಂದದ್ದು 1965ರ ಜುಲೈ 2ರಂದು. ಅದೇ ದಿನ ಕಂಪನಿ, ಹೊಸದಾಗಿ ಸೇರುವವರಿಗೆ ಸರ್ಟಿಫಿಕೇಟ್ ಜೊತೆಗೆ ಎರಡು ಪರೀಕ್ಷೆಗಳನ್ನೂ ಸೇರಿಸಿತು. ಒಂದು ಸಾಮಾನ್ಯ ಬುದ್ಧಿಮತ್ತೆಯ ವಂಡರ್ಲಿಕ್ ಪರೀಕ್ಷೆ, ಇನ್ನೊಂದು ಯಂತ್ರಜ್ಞಾನದ ಬೆನೆಟ್ ಪರೀಕ್ಷೆ. ಸರ್ಟಿಫಿಕೇಟ್ ಇಲ್ಲದ ಹಳಬರು ಈ ಎರಡನ್ನೂ ಪಾಸ್ ಮಾಡಿದರೆ ಒಳ ವಿಭಾಗಕ್ಕೆ ಹೋಗಬಹುದು ಎಂದು ಆಮೇಲೆ ಅವಕಾಶ ಕೊಟ್ಟರು.

ನಿಯಮದಲ್ಲಿ ಬಣ್ಣದ ಮಾತೇ ಇಲ್ಲ. ಆದರೆ 1960ರ ಜನಗಣತಿಯ ಪ್ರಕಾರ ಆ ರಾಜ್ಯದಲ್ಲಿ ಹೈಸ್ಕೂಲ್ ಮುಗಿಸಿದ ಬಿಳಿಯ ಗಂಡಸರು ಶೇ. 34, ಕಪ್ಪು ಗಂಡಸರು ಶೇ. 12. ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಅದೂ ಕೀಳು ಶಾಲೆ ಕೊಟ್ಟಿದ್ದ ರಾಜ್ಯ ಅದು. ಇನ್ನೊಂದು ಸಂಗತಿ ಗಮನಿಸಿ. 1955ಕ್ಕೂ ಮೊದಲು ಸರ್ಟಿಫಿಕೇಟ್ ಇಲ್ಲದೆ ಒಳ ವಿಭಾಗಗಳಿಗೆ ಸೇರಿದ್ದ ಬಿಳಿಯ ನೌಕರರು ಅಲ್ಲೇ ಚೆನ್ನಾಗಿ ಕೆಲಸ ಮಾಡುತ್ತಿದ್ದರು, ಬಡ್ತಿಯನ್ನೂ ಪಡೆಯುತ್ತಿದ್ದರು. ಹಾಗಾದರೆ ಆ ಸರ್ಟಿಫಿಕೇಟಿಗೂ ಬಾಯ್ಲರ್ ನಡೆಸುವುದಕ್ಕೂ ಏನು ಸಂಬಂಧ?

ಲೇಬರ್ ವಿಭಾಗದಿಂದ ಒಬ್ಬ ಕಪ್ಪು ನೌಕರನಿಗೆ ಮೊದಲ ಸಲ ಮೇಲಿನ ವಿಭಾಗ ಸಿಕ್ಕಿದ್ದು 1966ರ ಆಗಸ್ಟ್‌ನಲ್ಲಿ, ಅದೂ ದೂರು ಕೊಟ್ಟು ಐದು ತಿಂಗಳಾದ ಮೇಲೆ. ಆತ ಕೆಲಸಕ್ಕೆ ಸೇರಿದ್ದು 1953ರಲ್ಲಿ. ಸೇರುವಾಗಲೇ ಹೈಸ್ಕೂಲ್ ಮುಗಿಸಿದ್ದ. 1955ರ ನಿಯಮದ ಪ್ರಕಾರವೇ ಅರ್ಹನಾಗಿದ್ದವನು 11 ವರ್ಷ ಕಾದ. ಈ ಒಂದು ಸಾಲು ಓದಿ ನಮ್ಮ ಓದಿನ ಗುಂಪು ಸ್ವಲ್ಪ ಹೊತ್ತು ಸುಮ್ಮನಾಯಿತು.

1971ರ ಮಾರ್ಚ್ 8ರಂದು ಸುಪ್ರೀಂ ಕೋರ್ಟ್ 'ಗ್ರಿಗ್ಸ್ ವಿರುದ್ಧ ಡ್ಯೂಕ್ ಪವರ್' ಪ್ರಕರಣದಲ್ಲಿ ಒಮ್ಮತದ ತೀರ್ಪು ಕೊಟ್ಟಿತು. ಸಾರಾಂಶ ಹೀಗಿದೆ: ಕಂಪನಿಯ ಮನಸ್ಸಿನಲ್ಲಿ ಕೆಟ್ಟ ಉದ್ದೇಶ ಇಲ್ಲದಿದ್ದರೂ, ನಿಯಮವು ಒಂದು ಜನಾಂಗದವರನ್ನೇ ಹೆಚ್ಚಾಗಿ ಹೊರಗಿಟ್ಟರೆ, ಆ ನಿಯಮಕ್ಕೂ ಕೆಲಸಕ್ಕೂ ನಿಜವಾದ ಸಂಬಂಧ ಇದೆ ಎಂದು ಕಂಪನಿಯೇ ತೋರಿಸಬೇಕು. ತೋರಿಸಲಾಗದಿದ್ದರೆ ಆ ನಿಯಮ ನಿಲ್ಲುವುದಿಲ್ಲ.

ದೂರಿಗೆ ಎರಡು ದಾರಿ

ಗ್ರಿಗ್ಸ್ ತೋರಿಸಿದ್ದು ಪರಿಣಾಮದ ದಾರಿ. ಇನ್ನೊಂದು ಉದ್ದೇಶದ ದಾರಿ. "ಬೇಕಂತಲೇ ನನಗೆ ತಪ್ಪಿಸಿದರು" ಅನ್ನುವ ದೂರು ಇದು. ಆದರೆ ಮ್ಯಾನೇಜರ್ ಮನಸ್ಸಿನೊಳಗೆ ಇಣುಕಿ ನೋಡಲು ಯಾರಿಗೂ ಆಗಲ್ಲ, ಹಾಗೆ ಯೋಚಿಸಿದ್ದೇನೆ ಅಂತ ಯಾರೂ ಬರೆದಿಡುವುದೂ ಇಲ್ಲ. ಅದಕ್ಕೇ 1973ರಲ್ಲಿ 'ಮೆಕ್‌ಡೊನೆಲ್ ಡಗ್ಲಸ್ ವಿರುದ್ಧ ಗ್ರೀನ್' ಪ್ರಕರಣದಲ್ಲಿ ಕೋರ್ಟ್ ಮೂರು ಮೆಟ್ಟಿಲು ಹಾಕಿಕೊಟ್ಟಿತು. ಅದು ನೇಮಕಾತಿಯ ಪ್ರಕರಣ, ಬಡ್ತಿಗೂ ಇದೇ ಚೌಕಟ್ಟು ಬಳಕೆಗೆ ಬಂತು.

1. ನೌಕರ ತೋರಿಸಬೇಕಾದ್ದು: ಆ ಹುದ್ದೆಗೆ ಅರ್ಜಿ ಹಾಕಿದ್ದೆ, ಅರ್ಹತೆ ಇತ್ತು, ಆದರೂ ಸಿಗಲಿಲ್ಲ. ಹುದ್ದೆ ಬೇರೆಯವರಿಗೆ ಹೋಯಿತು, ಇಲ್ಲವೇ ಖಾಲಿಯೇ ಉಳಿಯಿತು.

2. ಕಂಪನಿ ಹೇಳಬೇಕಾದ್ದು: ಭೇದಭಾವ ಅಲ್ಲದ ಒಂದು ಸ್ಪಷ್ಟ ಕಾರಣ. "ಅವರಿಗೆ ಅನುಭವ ಜಾಸ್ತಿ ಇತ್ತು" ಅನ್ನುವಂಥದ್ದು.

3. ಮತ್ತೆ ನೌಕರನ ಸರದಿ: ಆ ಕಾರಣ ಬರೀ ನೆಪ ಎಂದು ತೋರಿಸಬೇಕು.

ಮೂರನೆಯದೇ ಕಷ್ಟದ ಮೆಟ್ಟಿಲು. ಮೊದಲು ಒಂದು ಕಾರಣ ಹೇಳಿ ಆಮೇಲೆ ಇನ್ನೊಂದು ಹೇಳಿದರಾ? ಅದೇ ಅಂಕ, ಅದೇ ಅನುಭವ ಇದ್ದ ಬೇರೆ ಜನಾಂಗದವರಿಗೆ ಬಡ್ತಿ ಕೊಟ್ಟಿದ್ದಾರಾ? ಪ್ರಕಟಣೆಯಲ್ಲಿ ಇಲ್ಲದ ಅರ್ಹತೆಯನ್ನು ಸಂದರ್ಶನದ ದಿನ ತಂದರಾ? ಇಂಥ ದಾಖಲೆಗಳಿಂದಲೇ ನೆಪ ಬಯಲಾಗುವುದು. ಜೊತೆಗೆ ಗಡಿಯಾರವೂ ಓಡುತ್ತಿರುತ್ತದೆ. ಸಮಾನ ಉದ್ಯೋಗಾವಕಾಶ ಆಯೋಗಕ್ಕೆ 180 ದಿನಗಳೊಳಗೆ ದೂರು ಕೊಡಬೇಕು, ರಾಜ್ಯದಲ್ಲೂ ಅಂಥ ಸಂಸ್ಥೆ ಇದ್ದರೆ 300 ದಿನ. ತಪ್ಪಿದ ಪ್ರತಿಯೊಂದು ಬಡ್ತಿಯೂ ಪ್ರತ್ಯೇಕ ಘಟನೆ ಎಂದು 2002ರಲ್ಲಿ ಕೋರ್ಟ್ ಹೇಳಿದೆ. "ಮುಂದಿನ ಸಲ ನೋಡೋಣ" ಅಂತ ಕೂತರೆ ಹಳೆಯದು ಕೈಬಿಟ್ಟು ಹೋಗಬಹುದು. ಅಮೆರಿಕಕ್ಕೆ ಕೆಲಸಕ್ಕೆ ಹೋಗುವ ನಮ್ಮ ಸೀನಿಯರ್‌ಗಳಿಗೂ ಇದು ಅನ್ವಯಿಸುತ್ತದೆ, ಏಕೆಂದರೆ ಆ ದೇಶದೊಳಗೆ ದುಡಿಯುವ ವಿದೇಶಿಯರಿಗೂ ಈ ಕಾಯ್ದೆಯ ರಕ್ಷಣೆ ಇದೆ.

ಈಗ ಕ್ಯಾಲ್ಕುಲೇಟರ್ ತೆಗೆಯಿರಿ

ಪರಿಣಾಮವನ್ನು ಅಳೆಯಲು 1978ರ ಸರ್ಕಾರಿ ಮಾರ್ಗಸೂಚಿಯಲ್ಲಿ 'ಐದರಲ್ಲಿ ನಾಲ್ಕು' ಎಂಬ ಸರಳ ಸೂತ್ರವಿದೆ. ಒಂದು ಗುಂಪಿನ ಆಯ್ಕೆಯ ಪ್ರಮಾಣ, ಅತಿ ಹೆಚ್ಚು ಆಯ್ಕೆಯಾದ ಗುಂಪಿನ ಪ್ರಮಾಣದ ಶೇ. 80ಕ್ಕಿಂತ ಕಡಿಮೆ ಇದ್ದರೆ, ಎಲ್ಲೋ ಏನೋ ಸರಿಯಿಲ್ಲ ಅಂತ ಅರ್ಥ.

ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರದ ಅಗ್ನಿಶಾಮಕ ದಳದಲ್ಲಿ 2003ರಲ್ಲಿ ಬಡ್ತಿ ಪರೀಕ್ಷೆ ನಡೆಯಿತು. ಲೆಫ್ಟಿನೆಂಟ್ ಹುದ್ದೆಗೆ 77 ಮಂದಿ ಕೂತರು.

ಬಿಳಿಯರು: 43ರಲ್ಲಿ 25 ಪಾಸ್, ಶೇ. 58.1
ಕಪ್ಪು ಜನ: 19ರಲ್ಲಿ 6 ಪಾಸ್, ಶೇ. 31.6
ಹಿಸ್ಪಾನಿಕ್: 15ರಲ್ಲಿ 3 ಪಾಸ್, ಶೇ. 20

31.6ನ್ನು 58.1ರಿಂದ ಭಾಗಿಸಿದರೆ 0.54. 20ನ್ನು ಭಾಗಿಸಿದರೆ 0.34. ಎರಡೂ 0.80ಕ್ಕಿಂತ ಬಹಳ ಕೆಳಗೆ. ಖಾಲಿ ಇದ್ದದ್ದು 8 ಹುದ್ದೆ. ನಗರದ ನಿಯಮದಂತೆ ಆಗ ಪರಿಗಣನೆಗೆ ಬಂದ ಮೊದಲ 10 ಮಂದಿಯೂ ಬಿಳಿಯರೇ.

ಆದರೆ ನಮ್ಮ ಪ್ರಾಬಬಿಲಿಟಿ ಕ್ಲಾಸಿನ ಪಾಠವನ್ನೂ ಮರೆಯಬಾರದು. ಕಪ್ಪು ಅಭ್ಯರ್ಥಿಗಳಲ್ಲಿ ಇನ್ನು ಮೂವರು ಪಾಸಾಗಿದ್ದರೆ 19ರಲ್ಲಿ 9, ಶೇ. 47.4. ಆಗ ಅನುಪಾತ 0.82, ಸೂತ್ರದ ಪ್ರಕಾರ ಎಲ್ಲ ಸರಿ! ಬರೀ ಮೂರು ಜನರ ವ್ಯತ್ಯಾಸ. ಸ್ಯಾಂಪಲ್ ಚಿಕ್ಕದಾದಾಗ ಈ ಸೂತ್ರ ಎಚ್ಚರಿಕೆಯ ಗಂಟೆ ಮಾತ್ರ, ತೀರ್ಪಲ್ಲ.

ನ್ಯೂ ಹೇವನ್ ನಗರ ಏನು ಮಾಡಿತು? ಕಪ್ಪು ನೌಕರರು ದಾವೆ ಹೂಡಬಹುದೆಂದು ಹೆದರಿ ಫಲಿತಾಂಶವನ್ನೇ ಕೈಬಿಟ್ಟಿತು. ಆಗ 17 ಬಿಳಿಯ ಮತ್ತು ಒಬ್ಬ ಹಿಸ್ಪಾನಿಕ್ ನೌಕರ ಕೋರ್ಟಿಗೆ ಹೋದರು. ತಿಂಗಳುಗಟ್ಟಲೆ ಓದಿ ಪಾಸಾಗಿದ್ದೇವೆ, ನಮ್ಮ ಬಣ್ಣ ನೋಡಿ ಬಡ್ತಿ ತಡೆದರು ಅನ್ನುವುದು ಅವರ ದೂರು. 2009ರ 'ರಿಚ್ಚಿ ವಿರುದ್ಧ ಡಿಸ್ಟೆಫಾನೊ' ಪ್ರಕರಣದಲ್ಲಿ 5-4ರ ಬಹುಮತದಿಂದ ಅವರೇ ಗೆದ್ದರು. ದಾವೆಯ ಭಯವೊಂದೇ ಸಾಲದು, ಪರೀಕ್ಷೆ ದೋಷಪೂರಿತ ಅನ್ನುವುದಕ್ಕೆ ಬಲವಾದ ಆಧಾರ ಇಲ್ಲದೆ ಫಲಿತಾಂಶ ಬಿಸಾಡುವುದೂ ಜನಾಂಗ ಭೇದವೇ ಎಂದು ಬಹುಮತ ಹೇಳಿತು. ಲಿಖಿತಕ್ಕೆ ಶೇ. 60, ಮೌಖಿಕಕ್ಕೆ ಶೇ. 40 ಎಂಬ ತೂಕ ಕಾರ್ಮಿಕ ಸಂಘದ ಒಪ್ಪಂದದಿಂದ ಬಂದದ್ದೇ ಹೊರತು, ಒಳ್ಳೆಯ ನಾಯಕನನ್ನು ಹುಡುಕಲು ಅದೇ ಸರಿ ಅಂತ ಯಾರೂ ಪರೀಕ್ಷಿಸಿರಲಿಲ್ಲ ಎಂದು ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಭಿನ್ನಮತದಲ್ಲಿ ವಾದಿಸಿದರು.

ನಮ್ಮಲ್ಲೂ ಎರಡು ಬಣ ಆಯಿತು. ಕಡೆಗೆ ಎಲ್ಲರೂ ಒಪ್ಪಿದ್ದು ಇಷ್ಟನ್ನು: ನಿಯಮವನ್ನು ಟೆಸ್ಟ್ ಮಾಡಬೇಕಾದ್ದು ರಿಲೀಸ್‌ಗೆ ಮುಂಚೆ. ಫಲಿತಾಂಶ ಬಂದ ಮೇಲೆ ಏನೇ ಮಾಡಿದರೂ ಯಾರಿಗೋ ಏಟು ಬೀಳುತ್ತದೆ.

ನಮ್ಮ ಕಡೆ

ಕರ್ನಾಟಕದಲ್ಲಿ ಪ್ರಶ್ನೆ ಜನಾಂಗದ್ದಲ್ಲ, ಜಾತಿಯದು. ಕಾನೂನಿನ ದಾರಿಯೂ ಬೇರೆ. ಆದರೂ ಒಂದು ಹೋಲಿಕೆ ಇದೆ. ಸರ್ಕಾರಿ ನೌಕರಿಯಲ್ಲಿ ಬಡ್ತಿ ಮೀಸಲಾತಿಯಿಂದ ಬಂದ ಜ್ಯೇಷ್ಠತೆ ಕುರಿತ ರಾಜ್ಯದ 2002ರ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಬಿ.ಕೆ. ಪವಿತ್ರ ಪ್ರಕರಣದಲ್ಲಿ ಅಸಿಂಧು ಮಾಡಿತು. ಅಂಕಿ-ಅಂಶದ ಅಧ್ಯಯನ ಮಾಡಿಲ್ಲ ಅನ್ನುವುದು ಮುಖ್ಯ ಕಾರಣ. ರತ್ನಪ್ರಭಾ ಸಮಿತಿ ಲೆಕ್ಕ ಕಲೆಹಾಕಿತು, 2018ರಲ್ಲಿ ಹೊಸ ಕಾಯ್ದೆ ಬಂತು, 2019ರಲ್ಲಿ ಅದನ್ನು ಅದೇ ಕೋರ್ಟ್ ಎತ್ತಿಹಿಡಿಯಿತು. ಅಲ್ಲೂ ಇಲ್ಲೂ ಕೋರ್ಟ್ ಕೇಳಿದ್ದು ಒಂದೇ: ಲೆಕ್ಕ ಎಲ್ಲಿ?

ಇನ್ನು ನಮ್ಮದೇ ಕಥೆ. ನಮ್ಮ ಪ್ರಾಜೆಕ್ಟ್ ತಂಡದ ಲೀಡ್ ಆಗಬೇಕಾದರೆ ರಾತ್ರಿ ಹತ್ತರವರೆಗೆ ಲ್ಯಾಬಿನಲ್ಲಿ ಕೂತು ಕೆಲಸ ಮಾಡಿದ ಹಾಜರಿ ಬೇಕು ಅಂತ ನಾವೇ ನಿಯಮ ಮಾಡಿದ್ದೆವು. ಯಾರ ಮೇಲೂ ದ್ವೇಷ ಇರಲಿಲ್ಲ. ಲೇಡೀಸ್ ಹಾಸ್ಟೆಲ್ ಗೇಟು ಎಂಟಕ್ಕೇ ಮುಚ್ಚುತ್ತದೆ ಅನ್ನುವುದು ಗೊತ್ತಿದ್ದೂ ಹೊಳೆಯಲಿಲ್ಲ. ಗ್ರಿಗ್ಸ್ ಓದಿದ ಮೇಲೆ ಹಳೆಯ ಪಟ್ಟಿ ತೆಗೆದು ನೋಡಿದರೆ ಒಬ್ಬ ಹುಡುಗಿಯ ಹೆಸರೂ ಇಲ್ಲ. ಅಷ್ಟೂ ಸರ್ಕ್ಯೂಟ್ ಬೋರ್ಡ್ ಡಿಸೈನ್ ಮಾಡಿಕೊಟ್ಟಿದ್ದ ಅಕ್ಕ ಒಬ್ಬರು ಲೀಡ್ ಆಗದೆಯೇ ಪಾಸ್‌ಔಟ್ ಆಗಿ ಹೋಗಿದ್ದರು. ಅವರಿಗೆ ಫೋನ್ ಮಾಡಿದೆವು. "ಹೇಳಿದ್ರೆ ಏನ್ ಮಾಡ್ತಿದ್ರೋ? ರೂಲ್ ಎಲ್ಲರಿಗೂ ಒಂದೇ ಅಂತಿದ್ರಿ" ಅಂದರು. ನಮ್ಮಲ್ಲಿ ಉತ್ತರ ಇರಲಿಲ್ಲ. ಈಗ ಹಾಜರಿ ತೆಗೆದು, ಒಂದು ಮಾಡ್ಯೂಲ್ ಪೂರ್ತಿ ಮುಗಿಸಿರಬೇಕು ಎಂದು ಬದಲಾಯಿಸಿದ್ದೇವೆ. ಅಕ್ಕನಿಗೆ ಆದ ನಷ್ಟ ಮಾತ್ರ ಹಾಗೇ ಉಳಿಯಿತು.

ಇನ್ನು ನಾಲ್ಕೈದು ವರ್ಷದಲ್ಲಿ ನಮ್ಮಲ್ಲಿ ಹಲವರು ಟೀಮ್ ಲೀಡ್ ಆಗುತ್ತೇವೆ. ಯಾರಿಗೆ ಬಡ್ತಿ ಅನ್ನುವ ಶೀಟು ನಮ್ಮ ಮುಂದೆ ಬರುತ್ತದೆ, ಅರ್ಜಿ ಜರಡಿ ಹಿಡಿಯುವ ಸಾಫ್ಟ್‌ವೇರನ್ನೂ ನಾವೇ ಬರೆಯುತ್ತೇವೆ. ಆಗ ಮೂರು ಪ್ರಶ್ನೆ ನೆನಪಿರಲಿ: ಈ ನಿಯಮಕ್ಕೂ ಕೆಲಸಕ್ಕೂ ಸಂಬಂಧ ಏನು? ಇದರಿಂದ ಯಾರು ಹೊರಗುಳಿಯುತ್ತಾರೆ? ಕಾರಣವನ್ನು ಬರೆದಿಟ್ಟಿದ್ದೇವಾ?

ನಿಮ್ಮ ಕ್ಲಬ್ಬು, ತಂಡಗಳ ಆಯ್ಕೆಯ ನಿಯಮಗಳನ್ನೂ ಒಮ್ಮೆ ಈ ಲೆಕ್ಕಕ್ಕೆ ಹಾಕಿ ನೋಡಿ. ಏನು ಸಿಕ್ಕಿತು ಅಂತ ನಮಗೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೂತು ಮಾತಾಡೋಣ.