ಬಾಣಂತಿ ರಜೆಯೂ ಒಂದು ಔಷಧ

ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಯುವತಿಯೊಬ್ಬರು ಈಚೆಗೆ ತಲೆಸುತ್ತು, ಸುಸ್ತು ಎಂದು ಬಂದರು. ಮುಖ ಬಿಳಿಚಿತ್ತು. ಎಂಟು ದಿನಗಳ ಹಿಂದೆ ಮೂರು ತಿಂಗಳ ಗರ್ಭ ಇಳಿದುಹೋಗಿತ್ತಂತೆ. ಮೂರನೆಯ ದಿನವೇ ಅಂಗಡಿಗೆ ಹೋಗಿ ದಿನವಿಡೀ ನಿಂತಿದ್ದಾರೆ. ಏಕೆಂದು ಕೇಳಿದರೆ, “ಮಗುವೇ ಇಲ್ಲವಲ್ಲ ಡಾಕ್ಟ್ರೇ, ಏನಂತ ರಜೆ ಕೇಳಲಿ?” ಎಂದರು.

ಅವರ ಮಾಲೀಕರೂ ಹೀಗೆಯೇ ತಿಳಿದಿದ್ದರು. ಆದರೆ ಕಾನೂನು ಹೇಳುವುದೇ ಬೇರೆ.

ಆರು ವಾರ ಏಕೆ?

ಹೆರಿಗೆಯಾದಾಗ ಸುಮಾರು ಒಂದು ಕಿಲೋ ತೂಗುವ ಗರ್ಭಕೋಶ ಮೊದಲಿನ ಗಾತ್ರಕ್ಕೆ ಮರಳಲು ಸುಮಾರು ಆರು ವಾರ ಹಿಡಿಯುತ್ತದೆ. ಗರ್ಭಪಾತದಲ್ಲಿಯೂ ರಕ್ತ ಹೋಗಿರುತ್ತದೆ, ಮನಸ್ಸು ಕುಗ್ಗಿರುತ್ತದೆ. ಮೊದಲೇ ರಕ್ತಹೀನತೆ ಇದ್ದವರು ಚೇತರಿಸಿಕೊಳ್ಳುವುದು ಇನ್ನೂ ನಿಧಾನ. ಹೆರಿಗೆಯಾಗಲಿ, ಗರ್ಭಪಾತವಾಗಲಿ, ನಂತರದ ಆರು ವಾರ ಆಕೆಯನ್ನು ತಿಳಿದೂ ದುಡಿಸುವುದನ್ನು ಕಾನೂನು ನಿಷೇಧಿಸಿದೆ.

ಕಾನೂನಿನಲ್ಲಿ ಏನಿದೆ?

1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ 12 ವಾರಗಳ ರಜೆ 2017ರಲ್ಲಿ 26 ವಾರಗಳಾಯಿತು. 2025ರ ನವೆಂಬರ್ 21ರಿಂದ ಈ ನಿಯಮಗಳು ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿವೆ. ಕಾರ್ಖಾನೆಗಳಿಗಷ್ಟೇ ಅಲ್ಲ, ಹತ್ತು ಅಥವಾ ಹೆಚ್ಚು ಜನ ದುಡಿಯುವ ಅಂಗಡಿಗಳಿಗೂ ಇವು ಅನ್ವಯಿಸುತ್ತವೆ. ಮುಖ್ಯ ಅಂಶಗಳು ಇವು:

* ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ 26 ವಾರ ವೇತನಸಹಿತ ರಜೆ. ಎರಡು ಮಕ್ಕಳಿದ್ದವರಿಗೆ 12 ವಾರ.
* ಗರ್ಭಪಾತವಾದರೆ 6 ವಾರ, ಸಂತಾನಹರಣ ಶಸ್ತ್ರಚಿಕಿತ್ಸೆಗೆ 2 ವಾರ.
* ಬಸಿರು, ಹೆರಿಗೆಗಳಿಂದ ಕಾಯಿಲೆಯಾದರೆ ಮತ್ತೊಂದು ತಿಂಗಳವರೆಗೆ.
* ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು.
* 50 ಅಥವಾ ಹೆಚ್ಚು ನೌಕರರಿದ್ದಲ್ಲಿ ಶಿಶುಪಾಲನಾ ಕೇಂದ್ರ.

ಇಎಸ್‌ಐ ಸದಸ್ಯರಿಗೆ ರಜೆಯ ಹಣವನ್ನು ಇಎಸ್‌ಐ ನಿಗಮವೇ ಕೊಡುತ್ತದೆ. ಅವರ ಅರ್ಹತೆಯ ನಿಯಮ ಸ್ವಲ್ಪ ಬೇರೆ.

ಮಗುವಿಗೆ ಆರು ತಿಂಗಳು ಎದೆಹಾಲು ಮಾತ್ರ ಸಾಕು ಎಂದು ವೈದ್ಯರು ಹೇಳುತ್ತೇವೆ. ಆರು ತಿಂಗಳೆಂದರೆ ಹೆಚ್ಚುಕಡಿಮೆ 26 ವಾರ. ಹೆರಿಗೆಗೆ ಮುಂಚೆ 8 ವಾರದವರೆಗೆ ರಜೆ ಪಡೆಯಬಹುದು. ಆದರೆ ಆರೋಗ್ಯ ಚೆನ್ನಾಗಿದ್ದು ವೈದ್ಯರು ಒಪ್ಪಿದರೆ ಹೆಚ್ಚು ವಾರಗಳನ್ನು ಹೆರಿಗೆಯ ನಂತರಕ್ಕೆ ಉಳಿಸಿಕೊಳ್ಳಿ.

ಮಾಲೀಕರಿಗೆ ಒಂದು ಮಾತು

ಈ ರಜೆ ನಿಮ್ಮ ಔದಾರ್ಯವಲ್ಲ, ಆಕೆಯ ಹಕ್ಕು. ರಜೆಯಲ್ಲಿದ್ದಾಳೆಂದು ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು ಮುಂಗಡವಾಗಿ ಕೊಡಬೇಕು. ಉಳಿದದ್ದನ್ನು ಹೆರಿಗೆಯ ಪುರಾವೆ ಕೊಟ್ಟ 48 ಗಂಟೆಗಳೊಳಗೆ ಪಾವತಿಸಬೇಕು.

ನೀವೇನು ಮಾಡಬೇಕು?

ರಜೆಯನ್ನು ಬರಹದಲ್ಲೇ ಕೇಳಿ, ಒಂದು ಪ್ರತಿ ಇಟ್ಟುಕೊಳ್ಳಿ. ವೈದ್ಯರ ಪ್ರಮಾಣಪತ್ರ, ಸ್ಕ್ಯಾನಿಂಗ್ ವರದಿ ಜೋಪಾನ. ಮೊದಲೇ ತಿಳಿಸಲಾಗದಿದ್ದರೆ ಹೆರಿಗೆಯ ನಂತರವೂ ನೋಟಿಸು ಕೊಡಬಹುದು. ನಿರಾಕರಿಸಿದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ. ಗರ್ಭಪಾತದ ನಂತರ ಜ್ವರ, ದುರ್ವಾಸನೆಯ ಸ್ರಾವ, ಅತಿ ರಕ್ತಸ್ರಾವ ಕಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ.

ಆ ಯುವತಿಯ ಪರ್ಸಿನಲ್ಲೇ ಇಎಸ್‌ಐ ಕಾರ್ಡಿತ್ತು! ಕಬ್ಬಿಣಾಂಶದ ಮಾತ್ರೆಗಳ ಜೊತೆಗೆ ಇಎಸ್‌ಐ ಚಿಕಿತ್ಸಾಲಯಕ್ಕೆ ಒಂದು ಪತ್ರವನ್ನೂ ಬರೆದುಕೊಟ್ಟೆ. ಮಾತ್ರೆಯಷ್ಟೇ ವಿಶ್ರಾಂತಿಯೂ ಅವರಿಗೆ ಬೇಕಾಗಿತ್ತು.